ಪೋಸ್ಟ್‌ಬಯಾಟಿಕ್‌ಗಳು ಮತ್ತು ಮಲಬದ್ಧತೆ

ಪೋಸ್ಟ್‌ಬಯಾಟಿಕ್ ಎಂದರೆ ಜೀವ ಕಳೆದುಕೊಂಡ ಸೂಕ್ಷ್ಮಾಣುಜೀವಿಗಳಿಂದ ಅಥವಾ ಅವುಗಳ ಕೋಶದ ಭಾಗಗಳಿಂದ ತಯಾರಾದ, ಸೇವಿಸಿದವರ ಆರೋಗ್ಯಕ್ಕೆ ಪ್ರಯೋಜನ ನೀಡುವುದೆಂದು ಪರೀಕ್ಷೆಯಿಂದ ತಿಳಿದುಬಂದ ಸಿದ್ಧವಸ್ತು. ಪ್ರೋಬಯಾಟಿಕ್‌ಗಳಲ್ಲಿ ಸೂಕ್ಷ್ಮಾಣುಗಳು ಜೀವಂತವಾಗಿರುತ್ತವೆ. ಪೋಸ್ಟ್‌ಬಯಾಟಿಕ್‌ಗಳಲ್ಲಿ ಅವು ಉದ್ದೇಶಪೂರ್ವಕವಾಗಿ, ಸಾಮಾನ್ಯವಾಗಿ ಶಾಖದ ಮೂಲಕ, ನಿರ್ಜೀವಗೊಂಡಿರುತ್ತವೆ. ಕರುಳಿನ ಚಲನೆ, ಕರುಳಿನ ಒಳಪೊರೆಯ ರಕ್ಷಣೆ ಹಾಗೂ ರೋಗನಿರೋಧಕ ವ್ಯವಸ್ಥೆಗಳ ಮೇಲೆ ಇವುಗಳ ಪ್ರಭಾವವನ್ನು ಕುರಿತು ಇತ್ತೀಚಿನ ವರ್ಷಗಳಲ್ಲಿ ಸಂಶೋಧನೆ ಹೆಚ್ಚಿದೆ. ಮಲಬದ್ಧತೆಯ ಶಮನಕ್ಕೆ ಇವು ನೆರವಾಗಬಹುದೆಂಬ ಸೂಚನೆಗಳು ದೊರೆತಿವೆಯಾದರೂ ಸಾಕ್ಷ್ಯವು ಇನ್ನೂ ಆರಂಭದ ಹಂತದಲ್ಲಿದೆ.

ಹೆಸರು ಮತ್ತು ವ್ಯಾಖ್ಯೆ

'ಬಯೋಸ್' ಎಂಬ ಗ್ರೀಕ್ ಪದಕ್ಕೆ ಜೀವ ಅಥವಾ ಬದುಕು ಎಂದು ಅರ್ಥ. 'ಪ್ರೋ' ಎಂದರೆ ಪರವಾಗಿ, 'ಪ್ರೀ' ಎಂದರೆ ಮೊದಲು, 'ಪೋಸ್ಟ್' ಎಂದರೆ ಅನಂತರ. ಹೀಗಾಗಿ ಪೋಸ್ಟ್‌ಬಯಾಟಿಕ್ ಎಂಬುದನ್ನು 'ಜೀವೋತ್ತರ' ಎಂದು ಕನ್ನಡಿಸಬಹುದು. ಕೇಳಲು ಒಂದೇ ಬಗೆಯಾಗಿರುವ ಈ ಮೂರು ಪದಗಳು ಜಾಹೀರಾತುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಬಳಕೆಯಾಗುವುದುಂಟು. ಅವುಗಳ ಅರ್ಥ ಮಾತ್ರ ಬೇರೆ ಬೇರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು ಜಂಟಿಯಾಗಿ ಕರೆದ ತಜ್ಞರ ಸಭೆಯು 2001ರಲ್ಲಿ ಪ್ರೋಬಯಾಟಿಕ್ ಪದವನ್ನು ವ್ಯಾಖ್ಯಾನಿಸಿತು. ಅದರಂತೆ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್‌ಗಳು. ಪ್ರೀಬಯಾಟಿಕ್ ಎಂಬ ಪದವನ್ನು ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು 1995ರಲ್ಲಿ ಬಳಕೆಗೆ ತಂದರು. ಇದು ಸೂಕ್ಷ್ಮಾಣುವಲ್ಲ, ಸೂಕ್ಷ್ಮಾಣುವಿನ ಆಹಾರ. ಈರುಳ್ಳಿ, ಬೆಳ್ಳುಳ್ಳಿ, ಬಾಳೆಕಾಯಿ, ಕಾಳುಗಳಲ್ಲಿರುವ, ನಮ್ಮ ಸಣ್ಣಕರುಳು ಜೀರ್ಣಿಸಲಾರದ ಕೆಲವು ಸಕ್ಕರೆ ಸರಪಳಿಗಳು ಈ ಗುಂಪಿಗೆ ಸೇರುತ್ತವೆ.

ಪೋಸ್ಟ್‌ಬಯಾಟಿಕ್‌ಗೆ ಒಪ್ಪಿತವಾದ ವ್ಯಾಖ್ಯೆ ಬಹುಕಾಲ ಇರಲಿಲ್ಲ. ಪ್ಯಾರಾಪ್ರೋಬಯಾಟಿಕ್, ಘೋಸ್ಟ್ ಪ್ರೋಬಯಾಟಿಕ್ ಮೊದಲಾದ ಹೆಸರುಗಳೂ ಚಲಾವಣೆಯಲ್ಲಿದ್ದವು. ಪ್ರೋಬಯಾಟಿಕ್ ಮತ್ತು ಪ್ರೀಬಯಾಟಿಕ್‌ಗಳ ಅಂತರರಾಷ್ಟ್ರೀಯ ವೈಜ್ಞಾನಿಕ ಸಂಘವು ಸೆಪ್ಪೊ ಸಾಲ್ಮಿನೆನ್ ಮೊದಲಾದ ತಜ್ಞರ ಒಮ್ಮತದ ಹೇಳಿಕೆಯನ್ನು 2021ರಲ್ಲಿ ಪ್ರಕಟಿಸಿತು. ಆರೋಗ್ಯಕ್ಕೆ ಪ್ರಯೋಜನಕಾರಿಯಾದ, ನಿರ್ಜೀವ ಸೂಕ್ಷ್ಮಾಣುಗಳನ್ನು ಅಥವಾ ಅವುಗಳ ಘಟಕಗಳನ್ನು ಒಳಗೊಂಡ ಸಿದ್ಧವಸ್ತುವೇ ಪೋಸ್ಟ್‌ಬಯಾಟಿಕ್ ಎಂಬುದು ಅದರ ಸಾರ. ಸೂಕ್ಷ್ಮಾಣುಗಳು ಹೊರಸೂಸಿದ ರಾಸಾಯನಿಕಗಳು ಅದರಲ್ಲಿ ಜೊತೆಗಿರಬಹುದು. ಆದರೆ ಸೂಕ್ಷ್ಮಾಣುವಿನ ಯಾವ ಅಂಶವೂ ಇಲ್ಲದೆ ಶುದ್ಧೀಕರಿಸಿದ ರಾಸಾಯನಿಕವೊಂದನ್ನೇ ಪೋಸ್ಟ್‌ಬಯಾಟಿಕ್ ಎನ್ನಲಾಗದು. ಲಸಿಕೆಗಳೂ ಈ ವ್ಯಾಖ್ಯೆಯ ಹೊರಗಿವೆ. ಇದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಸೂಕ್ಷ್ಮಾಣುಗಳು ಉತ್ಪಾದಿಸುವ ಹಿತಕರ ರಾಸಾಯನಿಕಗಳನ್ನೂ ಪೋಸ್ಟ್‌ಬಯಾಟಿಕ್ ಎಂದೇ ಕರೆಯಬೇಕೆನ್ನುವ ಪಕ್ಷವೊಂದಿದೆ. ಮಾರುಕಟ್ಟೆಯಲ್ಲಿ ಬ್ಯುಟಿರೇಟ್ ಗುಳಿಗೆಗಳಿಗೂ ಇದೇ ಹೆಸರು ಅಂಟಿಕೊಂಡಿರುವುದರಿಂದ, ಓದುಗನು ಹೆಸರಿಗಿಂತ ಒಳಗಿರುವ ವಸ್ತುವನ್ನು ಗಮನಿಸುವುದು ಲೇಸು.

ಹಿನ್ನೆಲೆ

ಹುಳಿ ಹಾಲಿಗೂ ಕರುಳಿನ ಆರೋಗ್ಯಕ್ಕೂ ಇರುವ ನಂಟನ್ನು ಆಧುನಿಕ ವಿಜ್ಞಾನದ ಭಾಷೆಯಲ್ಲಿ ಮೊದಲು ಪ್ರತಿಪಾದಿಸಿದವರಲ್ಲಿ ಎಲೀ ಮೆಚ್ನಿಕಾಫ್ ಪ್ರಮುಖರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಅವರು ರೋಗನಿರೋಧಕ ಶಕ್ತಿಯ ಅಧ್ಯಯನಕ್ಕಾಗಿ 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರು ಸೇವಿಸುವ ಮೊಸರೇ ಕಾರಣವೆಂದು ಮೆಚ್ನಿಕಾಫ್ ನಂಬಿದ್ದರು. ದೊಡ್ಡಕರುಳಿನಲ್ಲಿ ಮಲ ಕೊಳೆತು ದೇಹವನ್ನೇ ವಿಷಮಯಗೊಳಿಸುತ್ತದೆಂಬ ಅವರ ಕಲ್ಪನೆ ಮುಂದೆ ನಿಲ್ಲಲಿಲ್ಲ. 'ಕರುಳನ್ನು ಶುದ್ಧಿಗೊಳಿಸುವ' ಇಂದಿನ ಎಷ್ಟೋ ಜಾಹೀರಾತುಗಳಲ್ಲಿ ಅದು ಇನ್ನೂ ಬದುಕಿದೆ.

ನಿರ್ಜೀವ ಬ್ಯಾಕ್ಟೀರಿಯಗಳನ್ನು ಔಷಧವಾಗಿ ಬಳಸುವುದೂ ಹೊಸದಲ್ಲ. ಶಾಖದಿಂದ ನಿರ್ಜೀವಗೊಳಿಸಿದ ಲ್ಯಾಕ್ಟೋಬ್ಯಾಸಿಲಸ್‌ಗಳ ಔಷಧವೊಂದು ಫ್ರಾನ್ಸಿನಲ್ಲಿ ಅತಿಸಾರದ ಚಿಕಿತ್ಸೆಗೆ ದಶಕಗಳ ಕಾಲ ಬಳಕೆಯಾಗಿದೆ. ಪದ ಹುಟ್ಟುವ ಮುನ್ನವೇ ಪದಾರ್ಥವಿತ್ತು ಎನ್ನಬಹುದು.

ಮಲಬದ್ಧತೆ ಉಂಟಾಗುವ ಬಗೆ

ದಿನಕ್ಕೊಮ್ಮೆ ಮಲವಿಸರ್ಜನೆ ಆಗಲೇಬೇಕೆಂಬುದು ರೂಢಿಯ ನಂಬಿಕೆಯೇ ಹೊರತು ವೈದ್ಯಕೀಯ ನಿಯಮವಲ್ಲ. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಸಹಜವೆಂದೇ ಪರಿಗಣಿಸಲಾಗುತ್ತದೆ. 2016ರಲ್ಲಿ ಪ್ರಕಟವಾದ ನಾಲ್ಕನೆಯ ರೋಮ್ ಮಾನದಂಡಗಳು ಎಣಿಕೆಯನ್ನಷ್ಟೇ ನೋಡುವುದಿಲ್ಲ. ತಿಣುಕುವುದು, ಗಟ್ಟಿಯಾದ ಉಂಡೆಗಳಂತಹ ಮಲ, ಪೂರ್ಣವಾಗಿ ತೆರವಾಗಲಿಲ್ಲವೆಂಬ ಭಾವನೆ, ಗುದದ್ವಾರದಲ್ಲಿ ಅಡ್ಡಿಯಿದೆಯೆಂಬ ಅನಿಸಿಕೆ, ಕೈಯ ನೆರವು ಬೇಕಾಗುವುದು, ವಾರಕ್ಕೆ ಮೂರಕ್ಕಿಂತ ಕಡಿಮೆ ವಿಸರ್ಜನೆ ಇವುಗಳಲ್ಲಿ ಕನಿಷ್ಠ ಎರಡು ಲಕ್ಷಣಗಳು ಕಳೆದ ಮೂರು ತಿಂಗಳಿಂದ ಇದ್ದು, ತೊಂದರೆಯು ಆರು ತಿಂಗಳ ಹಿಂದೆಯೇ ಆರಂಭವಾಗಿದ್ದರೆ ಅದನ್ನು ದೀರ್ಘಕಾಲಿಕ ಮಲಬದ್ಧತೆ ಎನ್ನಲಾಗುತ್ತದೆ.

ಸಣ್ಣಕರುಳಿನಿಂದ ದೊಡ್ಡಕರುಳಿಗೆ ಪ್ರತಿದಿನ ಸುಮಾರು ಒಂದೂವರೆ ಲೀಟರ್ ದ್ರವ ಬಂದು ಸೇರುತ್ತದೆ. ದೊಡ್ಡಕರುಳು ಅದರಲ್ಲಿ ಬಹುಪಾಲನ್ನು ಹೀರಿಕೊಂಡು, ಸುಮಾರು 100ರಿಂದ 200 ಮಿಲಿಲೀಟರ್‌ನಷ್ಟನ್ನು ಮಾತ್ರ ಮಲದೊಡನೆ ಹೊರಗೆ ಬಿಡುತ್ತದೆ. ಒಳಗಿನ ವಸ್ತು ನಿಧಾನವಾಗಿ ಸಾಗಿದಷ್ಟೂ ನೀರು ಹೆಚ್ಚು ಹೀರಲ್ಪಡುತ್ತದೆ, ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದುದು ಮತ್ತಷ್ಟು ನಿಧಾನವಾಗಿ ಸಾಗುತ್ತದೆ. ಮಲಬದ್ಧತೆಯ ವಿಷವರ್ತುಲ ಇದೇ.

ಆದರೆ ಎಲ್ಲ ಮಲಬದ್ಧತೆಯೂ ಒಂದೇ ಬಗೆಯದಲ್ಲ. ಕೆಲವರಲ್ಲಿ ದೊಡ್ಡಕರುಳಿನ ಚಲನೆಯೇ ಮಂದವಾಗಿರುತ್ತದೆ. ಇನ್ನು ಕೆಲವರಲ್ಲಿ ಚಲನೆ ಸರಿಯಿದ್ದು, ವಿಸರ್ಜನೆಯ ವೇಳೆ ಸಡಿಲವಾಗಬೇಕಾದ ಶ್ರೋಣಿಯ ಸ್ನಾಯುಗಳು ಬಿಗಿಯುತ್ತವೆ. ಬಾಗಿಲೇ ತೆರೆಯದಿದ್ದಾಗ ಒಳಗಿನಿಂದ ಎಷ್ಟು ನೂಕಿದರೂ ಫಲವಿಲ್ಲ. ಅಂಥವರಿಗೆ ಪುಡಿ, ಗುಳಿಗೆಗಳಿಗಿಂತ ಸ್ನಾಯುಗಳಿಗೆ ತರಬೇತಿ ನೀಡುವ ಚಿಕಿತ್ಸೆಯೇ ಹೆಚ್ಚು ಉಪಯುಕ್ತ. ಕಬ್ಬಿಣಾಂಶದ ಮಾತ್ರೆ, ಅಫೀಮು ಮೂಲದ ನೋವುನಿವಾರಕ, ರಕ್ತದೊತ್ತಡಕ್ಕೆ ಕೊಡುವ ವೆರಪಮಿಲ್‌ನಂತಹ ಔಷಧ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮಧುಮೇಹ, ಪಾರ್ಕಿನ್ಸನ್ ಕಾಯಿಲೆ ಇವೂ ಮಲಬದ್ಧತೆಗೆ ಕಾರಣವಾಗಬಲ್ಲವು. ಯಾವ ಪೋಸ್ಟ್‌ಬಯಾಟಿಕ್ ಉತ್ಪನ್ನವೂ ಈ ಮೂಲ ಕಾರಣಗಳನ್ನು ನಿವಾರಿಸಲಾರದು.

ಕರುಳಿನ ಸೂಕ್ಷ್ಮಾಣುಗಳ ಪಾತ್ರ

ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆಯೆಂದು 2016ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಅಂದಾಜಿಸಿತು. ಅವುಗಳ ಒಟ್ಟು ತೂಕ ಸುಮಾರು 200 ಗ್ರಾಂ. ಬಹುಪಾಲು ವಾಸವಾಗಿರುವುದು ದೊಡ್ಡಕರುಳಿನಲ್ಲಿ. ಮಲದ ಘನಾಂಶದಲ್ಲಿಯೂ ಇವುಗಳ ಪಾಲು ಗಣನೀಯ. ನಾರಿನಂಶವನ್ನು ಹುದುಗಿಸಿ ಇವು ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್ ಎಂಬ ಕಿರುಸರಪಳಿಯ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡಕರುಳಿನ ಒಳಪೊರೆಯ ಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಇಂಧನ.

ಬ್ಯುಟಿರಿಕ್ ಆಮ್ಲಕ್ಕೆ ಆ ಹೆಸರು ಬಂದುದು ಬೆಣ್ಣೆಯ ಲ್ಯಾಟಿನ್ ಹೆಸರಿನಿಂದ. ಬೆಣ್ಣೆ, ತುಪ್ಪಗಳಲ್ಲಿ ಅದು ಅಲ್ಪ ಪ್ರಮಾಣದಲ್ಲಿ ಇರುವುದು ನಿಜ. ಇದನ್ನೇ ಆಧಾರವಾಗಿಟ್ಟುಕೊಂಡು ತುಪ್ಪ ಕುಡಿದರೆ ದೊಡ್ಡಕರುಳಿಗೆ ಬ್ಯುಟಿರೇಟ್ ದೊರೆಯುತ್ತದೆಂದು ಹೇಳುವುದುಂಟು. ಆದರೆ ತುಪ್ಪದ ಕೊಬ್ಬು ಸಣ್ಣಕರುಳಿನಲ್ಲಿಯೇ ಜೀರ್ಣವಾಗಿ ಹೀರಲ್ಪಡುತ್ತದೆ. ದೊಡ್ಡಕರುಳಿಗೆ ಬೇಕಾದ ಬ್ಯುಟಿರೇಟ್ ಅಲ್ಲಿಯೇ, ನಾರಿನಂಶದಿಂದ, ಸೂಕ್ಷ್ಮಾಣುಗಳ ಕೈಯಿಂದಲೇ ತಯಾರಾಗಬೇಕು.

ಸೂಕ್ಷ್ಮಾಣುಗಳೇ ಇಲ್ಲದಂತೆ ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಗಳಲ್ಲಿ ಕರುಳಿನ ಚಲನೆ ನಿಧಾನವಾಗಿರುತ್ತದೆ. ದೇಹದ ಸೆರೊಟೋನಿನ್‌ನಲ್ಲಿ ಶೇಕಡ 90ರಷ್ಟು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಕರುಳಿನ ಸ್ನಾಯುಗಳು ಅಲೆಯಂತೆ ಸಂಕುಚಿಸಿ ಒಳಗಿರುವುದನ್ನು ಮುಂದಕ್ಕೆ ತಳ್ಳುವ ಕ್ರಿಯೆಗೆ ಅದು ಬೇಕು. ಕೆಲವು ಬ್ಯಾಕ್ಟೀರಿಯಗಳು ಕರುಳಿನ ಕೋಶಗಳಲ್ಲಿ ಸೆರೊಟೋನಿನ್ ಉತ್ಪಾದನೆಯನ್ನು ಹೆಚ್ಚಿಸುತ್ತವೆಂದು 2015ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದು ತೋರಿಸಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ: ಮೀಥೇನ್ ಅನಿಲವನ್ನು ಉತ್ಪಾದಿಸುವ ಮೆಥನೋಬ್ರೆವಿಬ್ಯಾಕ್ಟರ್ ಸ್ಮಿಥಿಯೈ ಎಂಬ ಸೂಕ್ಷ್ಮಾಣು ಹೆಚ್ಚಾಗಿರುವವರಲ್ಲಿ ಕರುಳಿನ ಚಲನೆ ಮಂದವಾಗಿರುವುದು ಕಂಡುಬಂದಿದೆ.

ನಿರ್ಜೀವ ಸೂಕ್ಷ್ಮಾಣು ಹೇಗೆ ಕೆಲಸ ಮಾಡೀತು?

ಸತ್ತ ಬ್ಯಾಕ್ಟೀರಿಯ ನಾರನ್ನು ಹುದುಗಿಸಲಾರದು, ವೃದ್ಧಿಯಾಗಲಾರದು, ಕರುಳಿನಲ್ಲಿ ನೆಲೆಸಲಾರದು. ಆದ್ದರಿಂದ ಪೋಸ್ಟ್‌ಬಯಾಟಿಕ್ ಸೇವಿಸಿದೊಡನೆ ಬ್ಯುಟಿರೇಟ್ ಉತ್ಪತ್ತಿಯಾಗುತ್ತದೆಂಬ ಸರಳ ವಿವರಣೆ ಸರಿಯಲ್ಲ. ಹಾಗಾದರೆ ಅದರ ಪ್ರಭಾವ ಎಲ್ಲಿಂದ ಬರಬೇಕು?

ಉತ್ತರವಿರುವುದು ಅದರ ಮೈಯಲ್ಲಿ. ಬ್ಯಾಕ್ಟೀರಿಯದ ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನ್, ಟೈಕೋಯಿಕ್ ಆಮ್ಲಗಳು, ಸಕ್ಕರೆ ಸರಪಳಿಗಳು, ಪ್ರೋಟೀನುಗಳು ಇರುತ್ತವೆ. ಮಿತವಾದ ಶಾಖದಿಂದ ಜೀವ ಹೋದರೂ ಇವುಗಳಲ್ಲಿ ಹಲವು ಉಳಿಯುತ್ತವೆ. ಕರುಳಿನ ಕೋಶಗಳಲ್ಲಿಯೂ ಅಲ್ಲಿನ ರೋಗನಿರೋಧಕ ಕೋಶಗಳಲ್ಲಿಯೂ ಇವನ್ನು ಗುರುತಿಸುವ, ಟೋಲ್ ಮಾದರಿಯ ಗ್ರಾಹಕಗಳೆಂದು ಕರೆಯಲ್ಪಡುವ ಪ್ರೋಟೀನುಗಳಿವೆ. ಕಾಗದ ಬರೆದವನು ಇಲ್ಲವಾದರೂ ಕಾಗದದ ಒಕ್ಕಣೆ ಓದಲು ಸಿಗುವಂತೆ, ಸೂಕ್ಷ್ಮಾಣುವಿನ ಜೀವ ಹೋದ ಬಳಿಕವೂ ಅದರ ಮೈಮೇಲಿನ ಗುರುತುಗಳನ್ನು ದೇಹ ಓದಬಲ್ಲದು. ಇದರಿಂದ ಒಳಪೊರೆಯ ಕೋಶಗಳ ನಡುವಿನ ಬೆಸುಗೆ ಬಿಗಿಯಾಗುವುದು, ಉರಿಯೂತ ತಗ್ಗುವುದು ಮೊದಲಾದ ಪರಿಣಾಮಗಳು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡುಬಂದಿವೆ. ಈ ಗ್ರಾಹಕಗಳು ಕರುಳಿನ ನರಗಳ ಮೇಲೂ ಪ್ರಭಾವ ಬೀರುವುದರಿಂದ ಚಲನೆಗೂ ಇದಕ್ಕೂ ಸಂಬಂಧವಿರುವುದು ಸಾಧ್ಯ. ಮಿದುಳಿಗೂ ಕರುಳಿಗೂ ನಡುವಣ ವೇಗಸ್ ನರದ ಮೂಲಕ ಸಂದೇಶ ಸಾಗುತ್ತದೆಂಬುದು ಇನ್ನೊಂದು ಊಹೆ. ಸತ್ತ ಕೋಶಗಳು ಕರುಳಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಗಳಿಗೆ ಆಹಾರವಾಗಿ, ಅವುಗಳ ಪ್ರಮಾಣವನ್ನು ಬದಲಿಸಿ, ಪರೋಕ್ಷವಾಗಿ ಕೊಬ್ಬಿನಾಮ್ಲಗಳನ್ನು ಹೆಚ್ಚಿಸಲೂಬಹುದು.

ಅಕ್ಕರ್‌ಮ್ಯಾನ್ಸಿಯ ಮ್ಯೂಸಿನಿಫಿಲ ಎಂಬ ಬ್ಯಾಕ್ಟೀರಿಯದ ಕಥೆ ಇಲ್ಲಿ ಉಲ್ಲೇಖಾರ್ಹ. ಕರುಳಿನ ಲೋಳೆಯನ್ನೇ ತಿಂದು ಬದುಕುವ ಇದನ್ನು ನೆದರ್ಲೆಂಡ್ಸಿನ ವಾಗೆನಿಂಗನ್‌ನಲ್ಲಿ ಪ್ರತ್ಯೇಕಿಸಿ 2004ರಲ್ಲಿ ವರ್ಣಿಸಲಾಯಿತು. ಪಾಶ್ಚರೀಕರಿಸಿ ಕೊಂದ ಅಕ್ಕರ್‌ಮ್ಯಾನ್ಸಿಯವು ಜೀವಂತ ರೂಪಕ್ಕಿಂತ ಹೆಚ್ಚು ಪರಿಣಾಮಕಾರಿಯಾಗಿರುವುದು ಇಲಿಗಳಲ್ಲಿ ಕಂಡುಬಂತು. ಶಾಖವನ್ನು ತಾಳಿಕೊಳ್ಳುವ, ಅದರ ಹೊರಪೊರೆಯ ಒಂದು ಪ್ರೋಟೀನು ಈ ಗುಣಕ್ಕೆ ಭಾಗಶಃ ಕಾರಣವೆಂದು ತಿಳಿಯಿತು. 2019ರಲ್ಲಿ ಪ್ರಕಟವಾದ ಮಾನವ ಪ್ರಯೋಗವನ್ನು 32 ಮಂದಿ ಪೂರ್ಣಗೊಳಿಸಿದರು. ಪಾಶ್ಚರೀಕರಿಸಿದ ರೂಪವನ್ನು ಮೂರು ತಿಂಗಳು ಸೇವಿಸಿದ ಸ್ಥೂಲಕಾಯದವರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ ಸುಧಾರಿಸಿತು. ಈ ಪ್ರಯೋಗ ಮಲಬದ್ಧತೆಯನ್ನು ಕುರಿತದ್ದಲ್ಲ. 'ಜೀವಂತವಾಗಿದ್ದರೆ ಮಾತ್ರ ಪ್ರಯೋಜನ' ಎಂಬ ಹಳೆಯ ಗ್ರಹಿಕೆಯನ್ನು ಅಲುಗಾಡಿಸಿದ್ದರಲ್ಲಿ ಅದರ ಮಹತ್ವವಿದೆ.

ಮಾನವ ಪ್ರಯೋಗಗಳು

ಮಲಬದ್ಧತೆಗೆ ನೇರವಾಗಿ ಸಂಬಂಧಿಸಿದ ಪ್ರಯೋಗಗಳು ಹೆಚ್ಚಿಲ್ಲ. ಜಪಾನಿನಲ್ಲಿ ಶಾಖದಿಂದ ನಿರ್ಜೀವಗೊಳಿಸಿದ ಲ್ಯಾಕ್ಟೋಬ್ಯಾಸಿಲಸ್ ಗಾಸ್ಸೆರಿ ಸಿಪಿ 2305 ಎಂಬ ತಳಿಯನ್ನು, ಮಲಬದ್ಧತೆಯ ಪ್ರವೃತ್ತಿಯುಳ್ಳ ಆರೋಗ್ಯವಂತರಿಗೆ ಕೆಲವು ವಾರ ನೀಡಿ ಪರೀಕ್ಷಿಸಲಾಯಿತು. ಹುಸಿಮದ್ದು ಸೇವಿಸಿದವರೊಂದಿಗೆ ಹೋಲಿಸಿದಾಗ ಮಲದ ಸ್ವರೂಪದಲ್ಲಿಯೂ ವಿಸರ್ಜನೆಯಲ್ಲಿಯೂ ಸುಧಾರಣೆ ಕಂಡುಬಂದುದಾಗಿ 2016ರಲ್ಲಿ ವರದಿಯಾಯಿತು. ಭಾಗವಹಿಸಿದವರು ಆರೋಗ್ಯವಂತರು, ಅವಧಿಯೂ ಅಲ್ಪ. ಹತ್ತಾರು ವರ್ಷಗಳಿಂದ ನರಳುತ್ತಿರುವ ರೋಗಿಗೂ ಇದೇ ಫಲ ದೊರೆಯುವುದೆಂದು ಇದರಿಂದ ತೀರ್ಮಾನಿಸಲಾಗದು.

ಪೋಸ್ಟ್‌ಬಯಾಟಿಕ್‌ಗಳ ಬಗೆಗಿನ ಹೆಚ್ಚು ಬಲವಾದ ಪ್ರಯೋಗಗಳಲ್ಲಿ ಒಂದು ಜರ್ಮನಿಯ 20 ಕೇಂದ್ರಗಳಲ್ಲಿ ನಡೆಯಿತು; 2020ರಲ್ಲಿ ಪ್ರಕಟವಾಯಿತು. ಕೆರಳಿದ ಕರುಳಿನ ಲಕ್ಷಣಕೂಟ, ಅಂದರೆ ಐಬಿಎಸ್ ಇರುವ 443 ಮಂದಿಗೆ ಎಂಟು ವಾರಗಳ ಕಾಲ, ಶಾಖದಿಂದ ನಿರ್ಜೀವಗೊಳಿಸಿದ ಬಿಫಿಡೋಬ್ಯಾಕ್ಟೀರಿಯಂ ಬಿಫಿಡಮ್ ತಳಿಯೊಂದನ್ನು ಅಥವಾ ಹುಸಿಮದ್ದನ್ನು ನೀಡಲಾಯಿತು. ಮೊದಲ ಗುಂಪಿನಲ್ಲಿ ಶೇಕಡ 34 ಮಂದಿಗೂ ಹುಸಿಮದ್ದಿನ ಗುಂಪಿನಲ್ಲಿ ಶೇಕಡ 19 ಮಂದಿಗೂ ಮೊದಲೇ ನಿಗದಿಪಡಿಸಿದ ಮಟ್ಟದ ಉಪಶಮನ ದೊರೆಯಿತು. ವ್ಯತ್ಯಾಸ ನಿಜವಾದುದೇ. ಹೀಗಿದ್ದರೂ ನಿರ್ಜೀವ ಬ್ಯಾಕ್ಟೀರಿಯ ಸೇವಿಸಿದ ಮೂವರಲ್ಲಿ ಸುಮಾರು ಇಬ್ಬರಿಗೆ ಆ ಮಟ್ಟದ ಉಪಶಮನ ದೊರೆಯಲಿಲ್ಲವೆಂಬುದೂ, ಏನೂ ಇಲ್ಲದ ಗುಳಿಗೆಯಿಂದಲೇ ಐವರಲ್ಲಿ ಸುಮಾರು ಒಬ್ಬರಿಗೆ ಹಾಯೆನಿಸಿತೆಂಬುದೂ ಅದೇ ಅಂಕಿಗಳಲ್ಲಿವೆ. ಹೋಲಿಕೆಯ ಗುಂಪಿಲ್ಲದ ಅನುಭವ ಕಥನಗಳನ್ನು ಏಕೆ ಪುರಾವೆಯೆನ್ನಲಾಗದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಇಲ್ಲಿ ಅಳೆದುದು ಮುಖ್ಯವಾಗಿ ಹೊಟ್ಟೆನೋವು ಮತ್ತು ಒಟ್ಟಾರೆ ಬಾಧೆಯನ್ನೇ ಹೊರತು ಮಲಬದ್ಧತೆಯನ್ನಲ್ಲ.

ಇಂತಹ ಫಲಿತಾಂಶಗಳು ತಳಿಗೆ ಸೀಮಿತ. ಒಂದೇ ಪ್ರಭೇದದ ಬೇರೊಂದು ತಳಿಯು ಬೇರೆಯೇ ರೀತಿ ವರ್ತಿಸಬಹುದು. ನಿರ್ಜೀವಗೊಳಿಸುವ ವಿಧಾನವೂ ಪರಿಣಾಮವನ್ನು ಬದಲಿಸಬಲ್ಲದು.

ಅಮೆರಿಕದ ಜಠರಕರುಳು ತಜ್ಞರ ಎರಡು ಸಂಘಗಳು 2023ರಲ್ಲಿ ಜಂಟಿಯಾಗಿ ಹೊರಡಿಸಿದ, ದೀರ್ಘಕಾಲಿಕ ಮಲಬದ್ಧತೆಯ ಔಷಧ ಮಾರ್ಗಸೂಚಿಯಲ್ಲಿ ಪಾಲಿಎಥಿಲೀನ್ ಗ್ಲೈಕಾಲ್, ಸೋಡಿಯಂ ಪಿಕೊಸಲ್ಫೇಟ್ ಮೊದಲಾದವುಗಳಿಗೆ ಬಲವಾದ ಶಿಫಾರಸು ಇದೆ. ನಾರಿನಂಶ, ಲ್ಯಾಕ್ಟುಲೋಸ್, ಸೆನ್ನಾ ಮುಂತಾದವುಗಳಿಗೆ ಷರತ್ತಿನ ಶಿಫಾರಸು ಇದೆ. ಪೋಸ್ಟ್‌ಬಯಾಟಿಕ್‌ಗಳು ಆ ಪಟ್ಟಿಯಲ್ಲಿಲ್ಲ. ಕುತೂಹಲದ ಸಂಗತಿಯೆಂದರೆ, ಬಹುಕಾಲದಿಂದ ವೈದ್ಯರು ಬರೆದುಕೊಡುತ್ತಿರುವ ಲ್ಯಾಕ್ಟುಲೋಸ್ ಕೂಡ ಕರುಳಿನ ಸೂಕ್ಷ್ಮಾಣುಗಳ ನೆರವಿನಿಂದಲೇ ಕೆಲಸ ಮಾಡುತ್ತದೆ: ದೇಹ ಜೀರ್ಣಿಸಲಾರದ ಈ ಸಕ್ಕರೆಯನ್ನು ಅವು ಆಮ್ಲಗಳಾಗಿ ಒಡೆಯುತ್ತವೆ, ಕರುಳಿನಲ್ಲಿ ನೀರು ಉಳಿಯುತ್ತದೆ, ಮಲ ಮೃದುವಾಗುತ್ತದೆ.

ಅಡುಗೆಮನೆಯ ಹುದುಗು ಆಹಾರಗಳು

ಇಡ್ಲಿಯ ಹಿಟ್ಟು ರಾತ್ರಿಯಿಡೀ ಹುದುಗುವಾಗ ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಮೊದಲಾದ ಬ್ಯಾಕ್ಟೀರಿಯಗಳು ಅದರಲ್ಲಿ ಹೇರಳವಾಗಿ ಬೆಳೆಯುತ್ತವೆ. ಹಬೆಯಲ್ಲಿ ಬೇಯುವಾಗ ಅವು ಸಾಯುತ್ತವೆ. ಮಜ್ಜಿಗೆಹುಳಿಯನ್ನು ಕುದಿಸಿದಾಗಲೂ ಅಷ್ಟೇ. ಹಾಗಾದರೆ ಇಡ್ಲಿ ಪೋಸ್ಟ್‌ಬಯಾಟಿಕ್ ಆಹಾರವೇ? ಅದರಲ್ಲಿ ನಿರ್ಜೀವ ಸೂಕ್ಷ್ಮಾಣುಗಳು ಇರುವುದಂತೂ ಹೌದು. ಆದರೆ 2021ರ ವ್ಯಾಖ್ಯೆಯ ಪ್ರಕಾರ ಸೂಕ್ಷ್ಮಾಣುವಿನ ಗುರುತು, ನಿರ್ಜೀವಗೊಳಿಸಿದ ಕ್ರಮ, ಪ್ರಮಾಣ ತಿಳಿದಿರಬೇಕು. ಆರೋಗ್ಯ ಪ್ರಯೋಜನವೂ ಪ್ರಯೋಗದಿಂದ ಸಿದ್ಧವಾಗಿರಬೇಕು. ಮನೆಮನೆಗೂ ಹಿಟ್ಟಿನ ಸೂಕ್ಷ್ಮಾಣುಗಳು ಬದಲಾಗುವುದರಿಂದ ಇಡ್ಲಿಗೆ ಆ ಬಿರುದು ಸಲ್ಲುವುದಿಲ್ಲ. ಬಿರುದಿಲ್ಲದೆಯೂ ಅದು ಒಳ್ಳೆಯ ಆಹಾರವೇ. ಮೊಸರು ಮತ್ತು ಕುದಿಸದ ಮಜ್ಜಿಗೆಯಲ್ಲಿ ಸೂಕ್ಷ್ಮಾಣುಗಳು ಜೀವಂತವಾಗಿರುತ್ತವೆ.

ಮಲಬದ್ಧತೆಯ ದೃಷ್ಟಿಯಿಂದ ತಟ್ಟೆಯಲ್ಲಿ ಹೆಚ್ಚು ಮುಖ್ಯವಾದುದು ನಾರು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವಿದ್ದರೆ, ಅಷ್ಟೇ ಪ್ರಮಾಣದ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಸುಮಾರು 3 ಗ್ರಾಂ. ದಿನಕ್ಕೆ 2000 ಕಿಲೊಕ್ಯಾಲೊರಿ ಆಹಾರ ಸೇವಿಸುವವರಿಗೆ ಸುಮಾರು 30 ಗ್ರಾಂ ನಾರು ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಲಹೆ. ಮೂರು ಹೊತ್ತೂ ಬಿಳಿಯ ಅನ್ನವನ್ನೇ ಉಂಡು ಮೇಲೊಂದು ದುಬಾರಿ ಪುಡಿಯನ್ನು ನೀರಿಗೆ ಕಲಸಿ ಕುಡಿಯುವುದು ಬುನಾದಿ ಹಾಕದೆ ಮಾಡು ಹೊದಿಸಿದಂತೆ. ಇಸಬ್‌ಗೋಲ್ ಹೊಟ್ಟಿಗೆ ಸಾಕಷ್ಟು ನೀರು ಜೊತೆಯಾಗಬೇಕು. ನೀರು ಸಾಲದಾದರೆ ಅದೇ ಅನ್ನನಾಳದಲ್ಲಿಯೋ ಕರುಳಿನಲ್ಲಿಯೋ ಅಡ್ಡಿಯಾದೀತು.

ಸುರಕ್ಷತೆ ಮತ್ತು ಮಾರುಕಟ್ಟೆ

ಜೀವಂತ ಸೂಕ್ಷ್ಮಾಣುಗಳಿಗಿಂತ ನಿರ್ಜೀವವಾದವುಗಳಿಗೆ ಕೆಲವು ಅನುಕೂಲಗಳಿವೆ. ಇವು ಶಾಖಕ್ಕೆ ಬೇಗ ಕೆಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಂತಹ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ರೋಗನಿರೋಧಕ ಶಕ್ತಿ ತೀರ ಕುಂದಿದವರಲ್ಲಿ ಜೀವಂತ ಪ್ರೋಬಯಾಟಿಕ್‌ಗಳು ಅಪರೂಪಕ್ಕೆ ರಕ್ತವನ್ನು ಸೇರಿ ಸೋಂಕನ್ನುಂಟುಮಾಡಿರುವುದುಂಟು. ನಿರ್ಜೀವ ಸೂಕ್ಷ್ಮಾಣುಗಳಿಂದ ಆ ಭಯವಿಲ್ಲ. ಪ್ರತಿಜೀವಕಗಳೊಂದಿಗೆ ಸೇವಿಸಿದರೂ ಇವು ನಾಶವಾಗುವ ಪ್ರಶ್ನೆಯಿಲ್ಲ. ಹಾಗೆಂದು ಎಲ್ಲ ನಿರ್ಜೀವ ಸೂಕ್ಷ್ಮಾಣುವೂ ನಿರಪಾಯಕರವಲ್ಲ. ಕೆಲವು ಬ್ಯಾಕ್ಟೀರಿಯಗಳ ಕೋಶಭಿತ್ತಿಯೇ ವಿಷಕಾರಿ. ಆದ್ದರಿಂದ ಪ್ರತಿಯೊಂದು ಸಿದ್ಧವಸ್ತುವಿನ ಸುರಕ್ಷತೆಯನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕಾಗುತ್ತದೆ. ಪಾಶ್ಚರೀಕರಿಸಿದ ಅಕ್ಕರ್‌ಮ್ಯಾನ್ಸಿಯದ ಬಗ್ಗೆ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅಂತಹ ಪರಿಶೀಲನೆ ನಡೆಸಿ, ನಿಗದಿತ ಪ್ರಮಾಣದಲ್ಲಿ ವಯಸ್ಕರಿಗೆ ಅದು ಸುರಕ್ಷಿತವೆಂದು ಅಭಿಪ್ರಾಯಪಟ್ಟಿತು.

ಭಾರತದಲ್ಲಿ ಆಹಾರ ಪೂರಕಗಳನ್ನು ಕುರಿತ 2016ರ ನಿಯಮಾವಳಿಯು ಪ್ರೋಬಯಾಟಿಕ್ ಮತ್ತು ಪ್ರೀಬಯಾಟಿಕ್‌ಗಳಿಗೆ ಪ್ರತ್ಯೇಕ ಅನುಸೂಚಿಗಳನ್ನು ಒದಗಿಸಿತು. ಪ್ರೋಬಯಾಟಿಕ್ ಪೊಟ್ಟಣದ ಮೇಲೆ ಕಾಣುವ ಸಿಎಫ್‌ಯು ಎಂಬುದು ಬೆಳೆಯಬಲ್ಲ ಸೂಕ್ಷ್ಮಾಣುಗಳ ಎಣಿಕೆ. ಬೆಳೆಯಲಾರದ ಪೋಸ್ಟ್‌ಬಯಾಟಿಕ್‌ಗೆ ಆ ಅಳತೆ ಅನ್ವಯಿಸದು. ಇಲ್ಲಿ ಕೋಶಗಳ ಸಂಖ್ಯೆಯನ್ನು ಬೇರೆ ವಿಧಾನದಿಂದ ಎಣಿಸಬೇಕಾಗುತ್ತದೆ. ಪೊಟ್ಟಣದ ಮೇಲೆ ತಳಿಯ ಪೂರ್ಣ ಹೆಸರು, ಕೋಶಗಳ ಪ್ರಮಾಣ ಇವು ಕಾಣದೆ ಕೇವಲ 'ಪೋಸ್ಟ್‌ಬಯಾಟಿಕ್ ಯುಕ್ತ' ಎಂಬ ಮಾತಷ್ಟೇ ಇದ್ದರೆ, ಅದನ್ನು ಯಾವುದೇ ಪ್ರಯೋಗದ ಫಲಿತಾಂಶದೊಂದಿಗೆ ಹೋಲಿಸಿ ನೋಡಲು ಗ್ರಾಹಕನಿಗೆ ದಾರಿಯೇ ಇರುವುದಿಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಅಥವಾ ಅನಂತರ ಹೊಸದಾಗಿ ಆರಂಭವಾದ ಮಲಬದ್ಧತೆ, ಕುಟುಂಬದಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಇದ್ದ ಇತಿಹಾಸ ಇವುಗಳಲ್ಲಿ ಯಾವುದಿದ್ದರೂ ಪೂರಕ ಆಹಾರಗಳನ್ನು ಪ್ರಯೋಗಿಸುತ್ತ ತಿಂಗಳುಗಳನ್ನು ಕಳೆಯಬಾರದು. ರಕ್ತ ಕಂಡುದನ್ನು ಮೂಲವ್ಯಾಧಿಯೆಂದೇ ಭಾವಿಸಿ, ಸಂಕೋಚದಿಂದ ಮನೆಯವರಿಗೂ ಹೇಳದೆ ಉಳಿಯುವವರು ಬಹಳ, ಅದರಲ್ಲಿಯೂ ವಯಸ್ಸಾದ ಹೆಂಗಸರು. ದೊಡ್ಡಕರುಳಿನ ಕ್ಯಾನ್ಸರ್ ಆರಂಭದಲ್ಲಿಯೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ವಾಯುವೂ ಹೊರಹೋಗದಿದ್ದರೆ ಅದು ಕರುಳಿನ ಅಡಚಣೆಯಿರಬಹುದು. ಆಗ ಮನೆಮದ್ದನ್ನೂ ಭೇದಿಮಾತ್ರೆಯನ್ನೂ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳು ಹಾಗೂ ನಿತ್ಯ ಹಲವು ಔಷಧಗಳನ್ನು ಸೇವಿಸುವ ಹಿರಿಯರಿಗೆ ಯಾವ ಪೂರಕವನ್ನು ಕೊಡುವ ಮುನ್ನವೂ ವೈದ್ಯರ ಸಲಹೆ ಅಗತ್ಯ. ಅವರು ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಜೊತೆಯಲ್ಲಿ ಒಯ್ದರೆ, ಮಲಬದ್ಧತೆಗೆ ಅವುಗಳಲ್ಲೊಂದು ಕಾರಣವೇ ಎಂಬುದನ್ನು ವೈದ್ಯರು ಮೊದಲ ಭೇಟಿಯಲ್ಲಿಯೇ ಪರಿಶೀಲಿಸಬಹುದು.